ಪ್ರಮಾಣಪತ್ರ ಕೈಗೆ ಬಂದ ಮೇಲೆ: ಸಮರಕಲೆ ತರಬೇತುದಾರರ ವೃತ್ತಿ ನಡವಳಿಕೆಗೊಂದು ಮಾರ್ಗದರ್ಶಿ

ಮೈಸೂರಿನ ಕುವೆಂಪುನಗರ, ವಿಜಯನಗರದಂಥ ಬಡಾವಣೆಗಳಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಶಾಲೆಯ ಅಂಗಳದಲ್ಲೋ ಸಮುದಾಯ ಭವನದಲ್ಲೋ ಮನೆಯ ತಾರಸಿಯ ಮೇಲೋ ಬಿಳಿ ಸಮವಸ್ತ್ರದ ಮಕ್ಕಳ ಸಾಲು ಕಣ್ಣಿಗೆ ಬೀಳುತ್ತದೆ. ಮಂಡ್ಯ, ಮದ್ದೂರು, ಪಾಂಡವಪುರಗಳಲ್ಲಿಯೂ ಕರಾಟೆ, ಟೇಕ್ವಾಂಡೊ ತರಗತಿಗಳು ಟ್ಯೂಷನ್‌ನಷ್ಟೇ ಸಾಮಾನ್ಯವಾಗಿವೆ. ಇವುಗಳನ್ನು ನಡೆಸುವವರಲ್ಲಿ ಬಹುಪಾಲು ಜನರ ಬಳಿ ಯಾವುದಾದರೊಂದು ಪ್ರಮಾಣಪತ್ರ ಇರುತ್ತದೆ. ಆದರೆ ಆ ಪತ್ರವು ಒಬ್ಬ ವ್ಯಕ್ತಿಗೆ ಕಾಟಾ (ನಿಗದಿತ ಚಲನೆಗಳ ಸರಣಿ) ಬರುತ್ತದೆ, ಒದೆತ ಬರುತ್ತದೆ, ಎಸೆತ ಬರುತ್ತದೆ ಎಂದಷ್ಟೇ ಹೇಳುತ್ತದೆ. ಪರರ ಮಕ್ಕಳ ಮೈ ಮುಟ್ಟುವ, ನೋವಾಗುವಂಥ ಅಭ್ಯಾಸ ಮಾಡಿಸುವ, ಮುಂದಿನ ಬೆಲ್ಟನ್ನು ಕೊಡುವ ಅಥವಾ ತಡೆಹಿಡಿಯುವ ಅಧಿಕಾರವನ್ನು ಆತ ಹೇಗೆ ಬಳಸುತ್ತಾನೆ ಎಂಬುದನ್ನು ಹೇಳುವುದಿಲ್ಲ. ಆ ಅಧಿಕಾರವನ್ನು ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಇಡುವುದೇ ವೃತ್ತಿ ನಡವಳಿಕೆಯ ತಿರುಳು. ಸ್ವಂತ ತರಗತಿ ನಡೆಸುವವರಿಗೂ ಶಾಲೆಗಳಿಗೆ ಹೋಗಿ ಕಲಿಸುವವರಿಗೂ ಅನ್ವಯಿಸುವಂತೆ ಅದನ್ನು ಇಲ್ಲಿ ವಿವರಿಸಲಾಗಿದೆ.

ಮೈಸೂರಿನ ಗರಡಿಮನೆಗಳಲ್ಲಿ ಈ ಕಾವಲು ಅಲ್ಲಿನ ಪದ್ಧತಿಯೊಳಗೇ ಇತ್ತು. ಉಸ್ತಾದರು ಪಟ್ಟು ಹೇಳಿಕೊಡುವಾಗ ಮಟ್ಟಿಯ (ಕುಸ್ತಿಯ ಮಣ್ಣಿನ ಅಂಕಣ) ಸುತ್ತ ಹಳೆಯ ಪೈಲ್ವಾನರು ಕುಳಿತಿರುತ್ತಿದ್ದರು, ಹುಡುಗನ ತಂದೆಯನ್ನೋ ಚಿಕ್ಕಪ್ಪನನ್ನೋ ಅವರು ಬಲ್ಲವರಾಗಿರುತ್ತಿದ್ದರು. ದಸರಾ ಕುಸ್ತಿಗೆ ಜೋಡಿ ಕಟ್ಟುವ ಕೆಲಸ ಇಂದಿಗೂ ಎಲ್ಲರ ಎದುರೇ ನಡೆಯುತ್ತದೆ. ಗರಡಿಯಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳುತ್ತಿಲ್ಲ. ಬಾಗಿಲು ಮುಚ್ಚಿದ ಹಾಲ್‌ನಲ್ಲಿ ಒಬ್ಬರೇ ಕಲಿಸುವ ಇಂದಿನ ಪದ್ಧತಿಯಲ್ಲಿ ಆ ನೋಡುವ ಕಣ್ಣುಗಳು ಇಲ್ಲವಾಗಿವೆ, ಅವನ್ನು ನಿಯಮದ ಮೂಲಕ ಮರಳಿ ತರಬೇಕಾಗಿದೆ ಎಂಬುದಷ್ಟೇ ಮಾತು.

ಅರ್ಹತೆಯನ್ನು ಇದ್ದಷ್ಟೇ ಹೇಳಿ

ತರಗತಿಯ ಗೋಡೆಯ ಮೇಲೆ ತಮ್ಮ ದರ್ಜೆ, ಅದನ್ನು ನೀಡಿದ ಸಂಸ್ಥೆ, ನೀಡಿದ ವರ್ಷ ಮತ್ತು ಪ್ರಮಾಣಪತ್ರದ ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ಹಾಕಿ. ಡಾನ್ ದರ್ಜೆಯು (ಕಪ್ಪು ಬೆಲ್ಟ್‌ನ ಹಂತಗಳು) ಕಲೆಯಲ್ಲಿನ ಸ್ವಂತ ಸಾಧನೆಯ ಗುರುತು. ತರಬೇತಿ ನೀಡುವ ಅರ್ಹತೆ ಅದರಿಂದ ಬೇರೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೆಲವು ಕ್ರೀಡೆಗಳಲ್ಲಿ ನೀಡುವ ಡಿಪ್ಲೊಮಾ ತರಬೇತಿಯ ಅರ್ಹತೆ. ಸೋಲ್‌ನ ಟೇಕ್ವಾಂಡೊ ಕೇಂದ್ರ ಸಂಸ್ಥೆ ಕುಕ್ಕಿವಾನ್ ನೀಡುವ ಡಾನ್ ಸ್ವಂತ ದರ್ಜೆಯ ಗುರುತು. ಇವೆರಡನ್ನು ಒಂದೇ ಸಾಲಿನಲ್ಲಿ ಕಲಸಿ ಬರೆದರೆ ಪೋಷಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಕೆಲವರು ಕಲಸಿ ಬರೆಯುವುದೂ ಅದೇ ಕಾರಣಕ್ಕೆ.

ಇನ್ನೊಂದು ರೂಢಿಯನ್ನು ಕಟ್ಟುನಿಟ್ಟಾಗಿ ಬಿಡಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಒಂದು ಸಂಘ ನೋಂದಣಿಯಾದ ಮಾತ್ರಕ್ಕೆ ಅದು ‘ಸರ್ಕಾರದಿಂದ ಮಾನ್ಯತೆ ಪಡೆದ’ ಕ್ರೀಡಾ ಸಂಸ್ಥೆ ಆಗುವುದಿಲ್ಲ. ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳಿಗೆ ಮಾನ್ಯತೆ ನೀಡುವ ವ್ಯವಸ್ಥೆಯೇ ಬೇರೆ, ಮತ್ತು ಆ ಮಾನ್ಯತೆ ಬದಲಾಗುತ್ತಲೂ ಇರುತ್ತದೆ. ಆದ್ದರಿಂದ ಕರಪತ್ರ ಅಚ್ಚು ಹಾಕಿಸುವ ಮುನ್ನ ಕೇಂದ್ರ ಕ್ರೀಡಾ ಸಚಿವಾಲಯದ ಆ ವರ್ಷದ ಪಟ್ಟಿಯನ್ನು ನೋಡಿ, ಅದರಲ್ಲಿ ಇರುವುದನ್ನಷ್ಟೇ ಬರೆಯಿರಿ. ನಮ್ಮ ತರಗತಿಗೆ ಸೇರಿದರೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗುತ್ತದೆ ಎಂಬ ಭರವಸೆಯನ್ನು ಬಾಯಿಮಾತಿಗೂ ಕೊಡಬಾರದು.

ಮುಟ್ಟುವ ಮುನ್ನ

ನಡವಳಿಕೆಯ ನಿಯಮಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇದೇ. ಮುಟ್ಟದೆ ಸಮರಕಲೆಯನ್ನು ಕಲಿಸಲಾಗದು ಎಂಬ ಮಾತು ನಿಜ, ಆದರೆ ಅದು ಹೇಳುವಷ್ಟು ನಿಜವಲ್ಲ. ತಿದ್ದುವಾಗ ಮೊದಲು ಬಾಯಲ್ಲಿ ಹೇಳಿ, ಬಳಿಕ ತಾವೇ ನಿಂತು ತೋರಿಸಿ, ಅದರಿಂದಲೂ ಸರಿಹೋಗದಿದ್ದರೆ ಕೇಳಿ ಮುಟ್ಟಿ. ಕರಾಟೆಯ ಜೆನ್‌ಕುತ್ಸು-ದಾಚಿ (ಮುಂದಿನ ಮಂಡಿ ಬಗ್ಗಿಸಿ ಹಿಂದಿನ ಕಾಲನ್ನು ಚಾಚುವ) ನಿಲುವನ್ನೇ ತೆಗೆದುಕೊಳ್ಳೋಣ. ಹಿಂದಿನ ಕಾಲಿನ ಮಂಡಿ ಸಡಿಲವಾಗಿ, ಸೊಂಟ ಪಕ್ಕಕ್ಕೆ ತಿರುಗಿಬಿಡುವುದು ಹೊಸಬರಲ್ಲಿ ಸಾಮಾನ್ಯ. ಹಿಂದಿನಿಂದ ಬಂದು ಸೊಂಟ ಹಿಡಿದು ತಿರುಗಿಸುವುದು ಹಲವರ ಅಭ್ಯಾಸ. ಅದರ ಬದಲು ಮಗು ತನ್ನ ಎರಡೂ ಕೈಗಳನ್ನು ತನ್ನ ಸೊಂಟದ ಮೂಳೆಗಳ ಮೇಲೆ ಇಟ್ಟುಕೊಳ್ಳಲಿ. ‘ಎರಡೂ ಮೂಳೆ ಎದುರಿನ ಗಡಿಯಾರದ ಕಡೆ ತಿರುಗಲಿ’ ಎಂದು ಹೇಳಿದರೆ ಸೊಂಟ ತಾನಾಗಿ ಸರಿಯಾಗುತ್ತದೆ. ಮಂಡಿ ನೆಟ್ಟಗಾಗಬೇಕಿದ್ದರೆ ಕೈಯ ಬದಲು ಪ್ಯಾಡ್‌ನ ಅಂಚನ್ನು ತಾಗಿಸಿದರೆ ಸಾಕು. ಹೀಗೆ ಕಲಿತ ಮಗು ಮನೆಯಲ್ಲಿ ಒಬ್ಬಂಟಿಯಾಗಿ ಅಭ್ಯಾಸ ಮಾಡುವಾಗಲೂ ತನ್ನ ನಿಲುವನ್ನು ತಾನೇ ತಿದ್ದಿಕೊಳ್ಳುತ್ತದೆ, ಆದ್ದರಿಂದ ಇದು ಬರೀ ಎಚ್ಚರಿಕೆಯ ಕ್ರಮವಲ್ಲ, ಒಳ್ಳೆಯ ಬೋಧನೆಯೂ ಹೌದು.

ಜೂಡೊ, ಕುಸ್ತಿಗಳಲ್ಲಿ ಮೈಗೆ ಮೈ ತಾಗದೆ ವಿಧಿಯಿಲ್ಲ. ಅಲ್ಲಿ ಹಿಡಿತವನ್ನು ಹಿರಿಯ ಅಥವಾ ವಯಸ್ಕ ವಿದ್ಯಾರ್ಥಿಯ ಮೇಲೆ ತೋರಿಸಿ, ಮಕ್ಕಳು ತಮ್ಮ ಓರಗೆಯವರ ಜೊತೆ ಅಭ್ಯಾಸ ಮಾಡಲಿ. ನೆಲದ ಮೇಲಿನ ಹಿಡಿತಗಳು ಹೇಗಿರುತ್ತವೆ ಎಂಬುದನ್ನು ಸೇರ್ಪಡೆಯ ದಿನವೇ ಪೋಷಕರಿಗೆ ಮಾಡಿ ತೋರಿಸಿ. ನಂತರ ಅವರಿಗೆ ಆಶ್ಚರ್ಯವಾಗಬಾರದು. ಹೆಣ್ಣುಮಕ್ಕಳಿರುವ ತರಗತಿಯಲ್ಲಿ ಒಬ್ಬ ಮಹಿಳಾ ಸಹಾಯಕಿ ಇರಲೇಬೇಕು. ಸಿಗುವುದು ಕಷ್ಟ ಎಂಬ ನೆಪ ಹೆಚ್ಚು ದಿನ ನಡೆಯದು, ಏಕೆಂದರೆ ನಾಲ್ಕೈದು ವರ್ಷ ಕಲಿಸಿದವರ ಬಳಿ ತಯಾರಾದ ಹಿರಿಯ ವಿದ್ಯಾರ್ಥಿನಿಯರು ಇದ್ದೇ ಇರುತ್ತಾರೆ.

ಬಾಗಿಲು ತೆರೆದಿರಲಿ, ಪೋಷಕರು ಕುಳಿತುಕೊಳ್ಳಲು ನಾಲ್ಕು ಕುರ್ಚಿ ಇರಲಿ. ಮಕ್ಕಳು ಬಟ್ಟೆ ಬದಲಿಸುವ ಕೋಣೆಗೆ ತರಬೇತುದಾರರು ಹೋಗಬಾರದು. ಒಬ್ಬ ವಿದ್ಯಾರ್ಥಿಗೆ ಮಾತ್ರ ವಿಶೇಷ ತರಬೇತಿ ಬೇಕಾದರೆ ಪೋಷಕರೊಬ್ಬರು ಅಲ್ಲೇ ಇರುವಾಗ ನಡೆಸಿ. ತರಗತಿ ಮುಗಿದು ಮಳೆ ಹಿಡಿದುಕೊಂಡು, ಕರೆದೊಯ್ಯುವವರು ತಡವಾದಾಗ ಮಗುವನ್ನು ಬೈಕಿನಲ್ಲಿ ಬಿಟ್ಟು ಬರುವುದು ಒಳ್ಳೆಯ ಮನಸ್ಸಿನಿಂದ ಆಗುವ ಕೆಲಸವೇ ಇರಬಹುದು; ಆದರೂ ಅದು ಬೇಡ. ಮನೆಗೆ ಕರೆ ಮಾಡಿ, ಸಹಾಯಕರೊಬ್ಬರನ್ನು ಉಳಿಸಿಕೊಂಡು, ದೀಪವಿರುವ ಗೇಟಿನ ಬಳಿ ಕಾಯಿರಿ.

ಸಮಾಜ ಕಲ್ಯಾಣ ಇಲಾಖೆಯ ‘ಓಬವ್ವ ಆತ್ಮರಕ್ಷಣಾ ಕಲೆ’ ಕಾರ್ಯಕ್ರಮದಡಿ ವಸತಿ ಶಾಲೆಗಳಿಗೆ ಹೋಗಿ ಕಲಿಸುವವರು ವಾರ್ಡನ್ ಅಥವಾ ಶಿಕ್ಷಕಿಯೊಬ್ಬರು ಮೈದಾನದಲ್ಲಿ ಉಪಸ್ಥಿತರಿರಬೇಕು ಎಂಬುದನ್ನು ತಾವೇ ಷರತ್ತಾಗಿ ಇಡಬೇಕು. ‘ನೀವು ಮಾಡ್ಸಿ ಸಾರ್, ನಮಗೆ ಬೇರೆ ಕೆಲ್ಸ ಇದೆ’ ಎಂಬ ಉತ್ತರ ಬಂದರೆ ಅಂದಿನ ತರಗತಿಯನ್ನು ಮುಂದೂಡಿ. ಸಹಾಯಕರನ್ನು ನೇಮಿಸಿಕೊಳ್ಳುವಾಗ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಿ. ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಿ ಅದನ್ನು ಪಡೆಯಬಹುದು. ತಮ್ಮದನ್ನೂ ಮಾಡಿಸಿಟ್ಟುಕೊಂಡರೆ ಸಹಾಯಕರನ್ನು ಕೇಳಲು ಸಂಕೋಚವಾಗುವುದಿಲ್ಲ.

ಕಾನೂನು ಇಲ್ಲಿ ಆಯ್ಕೆ ಬಿಟ್ಟಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದುಬಂದರೆ ಪೋಕ್ಸೊ ಕಾಯ್ದೆ, 2012ರ 19ನೇ ಸೆಕ್ಷನ್ ಪ್ರಕಾರ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ 21ನೇ ಸೆಕ್ಷನ್ ಅಡಿಯಲ್ಲಿ ಅಪರಾಧ, ಮತ್ತು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮಕ್ಕಳ ಎತ್ತರಕ್ಕೆ ಕಾಣುವಂತೆ ಅಂಟಿಸಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೂ ಕ್ರೀಡಾ ಸಂಸ್ಥೆ, ಕ್ರೀಡಾಂಗಣಗಳನ್ನು ‘ಕೆಲಸದ ಸ್ಥಳ’ದೊಳಗೆ ಸೇರಿಸಿದೆ, ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ವಿದ್ಯಾರ್ಥಿ ವಯಸ್ಕರಾಗಿದ್ದು, ಪರಸ್ಪರ ಒಪ್ಪಿಗೆಯ ಸ್ನೇಹ ಬೆಳೆದರೂ ಆ ವ್ಯಕ್ತಿಯ ಪರೀಕ್ಷೆಯನ್ನು ತರಬೇತುದಾರರು ತಾವು ಮಾಡದೆ ಬೇರೊಬ್ಬ ಪರೀಕ್ಷಕರಿಗೆ ಒಪ್ಪಿಸಬೇಕು.

ನೋವು, ಶಿಕ್ಷೆ, ಜೋಡಿ

‘ಮನೇಲಿ ಮಾತೇ ಕೇಳಲ್ಲ ಮಾಸ್ಟ್ರೇ, ನಾಲ್ಕು ಬಿಗೀರಿ’ ಎಂದು ತಾಯಂದಿರು ನಗುತ್ತಲೇ ಹೇಳುವುದುಂಟು. ‘ಇಲ್ಲಮ್ಮ, ಇಲ್ಲಿ ಯಾರಿಗೂ ಹೊಡೆಯೋದಿಲ್ಲ, ಏನಾಯ್ತು ಅಂತ ಅವನನ್ನೇ ಕೇಳ್ತೀನಿ’ ಎಂಬ ಉತ್ತರವನ್ನು ಮಗುವಿಗೂ ಕೇಳಿಸುವಂತೆ ಕೊಡಬೇಕು. ಪೋಷಕರ ಅನುಮತಿಯಿಂದ ಹೊಡೆತ ನ್ಯಾಯವಾಗುವುದಿಲ್ಲ. ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ನಡೆದುಕೊಂಡರೆ ಬಾಲ ನ್ಯಾಯ ಕಾಯ್ದೆ, 2015ರ 75ನೇ ಸೆಕ್ಷನ್ ಅನ್ವಯವಾಗುತ್ತದೆ. ತಡವಾಗಿ ಬಂದದ್ದಕ್ಕೆ ನೂರು ಬಸ್ಕಿ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಮುಷ್ಟಿಯೂರಿ ದಂಡ ಹೊಡೆಸುವುದು ಕೂಡ ಶಿಕ್ಷೆಯೇ. ಅದಕ್ಕೆ ‘ಶಿಸ್ತು’ ಎಂಬ ಹೆಸರಿಟ್ಟ ಮಾತ್ರಕ್ಕೆ ಮಗುವಿನ ಮಂಡಿಗೆ ವ್ಯತ್ಯಾಸ ತಿಳಿಯದು.

ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) ಜೋಡಿ ಕಟ್ಟುವುದು ತರಬೇತುದಾರರು ದಿನವೂ ತೆಗೆದುಕೊಳ್ಳುವ ಬಹುದೊಡ್ಡ ತೀರ್ಮಾನ. ತೂಕ, ವಯಸ್ಸು, ಅನುಭವ ಮೂರನ್ನೂ ನೋಡಿ. ಅವುಗಳಿಗಿಂತ ಹೆಚ್ಚಾಗಿ ಎದುರಾಳಿಯು ತನ್ನ ಏಟಿನ ಬಲವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲನೇ ಎಂಬುದನ್ನು ನೋಡಿ. ಸೊಕ್ಕಿನ ಹುಡುಗನಿಗೆ ‘ಬುದ್ಧಿ ಕಲಿಸಲು’ ಬಲಿಷ್ಠನ ಮುಂದೆ ನಿಲ್ಲಿಸುವ ಹಳೆಯ ಚಾಳಿಯನ್ನು ನಾನು ನಡವಳಿಕೆಯ ಉಲ್ಲಂಘನೆಗಳಲ್ಲಿ ಮೇಲಿನ ಸಾಲಿಗೇ ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಏಟು ಕೊಡುವವನೂ ಒಬ್ಬ ವಿದ್ಯಾರ್ಥಿ, ಹೊಡೆಸುವ ಕೈ ಮಾತ್ರ ಗುರುವಿನದು.

ಈ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್ನನ್ನು ಪ್ರತಿಯೊಬ್ಬ ತರಬೇತುದಾರರೂ ಓದಿರಬೇಕು. ಸಾವು ಅಥವಾ ತೀವ್ರ ಗಾಯದ ಉದ್ದೇಶವಿಲ್ಲದೆ, ಒಪ್ಪಿಗೆ ಇರುವಾಗ ಆದ ಹಾನಿ ಅಪರಾಧವಲ್ಲ ಎನ್ನುವ ಆ ನಿಯಮಕ್ಕೆ ಕಾನೂನೇ ಕೊಡುವ ಉದಾಹರಣೆ ಇಬ್ಬರು ವಿನೋದಕ್ಕಾಗಿ ಕತ್ತಿವರಸೆ ಆಡುವುದು: ಮೋಸವಿಲ್ಲದೆ ಆಡುವಾಗ ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬ ಅಪರಾಧಿಯಲ್ಲ. ಆದರೆ ಆ ಒಪ್ಪಿಗೆ 18 ವರ್ಷ ಮೀರಿದವರದ್ದಾಗಿರಬೇಕು. ನಮ್ಮ ತರಗತಿಗಳಲ್ಲಿ ಹೆಚ್ಚಿನವರು ಮಕ್ಕಳೇ ಆಗಿರುವುದರಿಂದ ಈ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ. ‘ಏನೇ ಆದರೂ ತರಬೇತುದಾರರು ಜವಾಬ್ದಾರರಲ್ಲ’ ಎಂಬ ಮುಚ್ಚಳಿಕೆಗೆ ಪೋಷಕರ ಸಹಿ ಹಾಕಿಸಿಕೊಂಡರೂ ನಿರ್ಲಕ್ಷ್ಯದ ಹೊಣೆ ಕಳಚಿಕೊಳ್ಳುವುದಿಲ್ಲ. ಆ ಕಾಗದದ ಬದಲು ಮಗುವಿಗೆ ಆಸ್ತಮಾ, ಮೂರ್ಛೆರೋಗ, ಹಳೆಯ ಮೂಳೆ ಮುರಿತ ಇದೆಯೇ, ತುರ್ತಿನಲ್ಲಿ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಬರೆಸಿಕೊಂಡರೆ ಅದರಿಂದ ಉಪಯೋಗವಿದೆ. ಎಸೆತಗಳನ್ನು ಸಿಮೆಂಟಿನ ಮೇಲಾಗಲಿ ಜಮಖಾನದ ಮೇಲಾಗಲಿ ಎಂದೂ ಕಲಿಸಬೇಡಿ. ಅದಕ್ಕೆ ದಪ್ಪ ಜೂಡೊ ಮ್ಯಾಟೇ ಬೇಕು.

ತಲೆಗೆ ಪೆಟ್ಟಾದಾಗ ಏನು ಮಾಡಬೇಕೆಂಬುದು ತರಬೇತುದಾರರಿಗೆ ಬಾಯಿಪಾಠವಾಗಿರಬೇಕು. ಹುಡುಗ ಎದ್ದು ನಿಂತು ‘ಏನೂ ಆಗಿಲ್ಲ ಸಾರ್’ ಎಂದರೂ ಅವನನ್ನು ಅಂದು ಮತ್ತೆ ಮ್ಯಾಟ್‌ಗೆ ಬಿಡಬೇಡಿ. ಕಣ್ಣು ಮಂಜಾಗಿದೆಯೇ, ತಲೆ ಸುತ್ತುತ್ತಿದೆಯೇ, ಈಗ ಯಾರ ಜೊತೆ ಆಡುತ್ತಿದ್ದ ಎಂಬುದು ನೆನಪಿದೆಯೇ ಎಂದು ಕೇಳಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಎರಡೆರಡು ಕಾಣುವುದು, ಕೈಕಾಲಿನ ಬಲಹೀನತೆ ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇವೆ. ಕುತ್ತಿಗೆ ನೋವೆಂದರೆ ಎತ್ತಿ ಕೂರಿಸಬೇಡಿ, ಮಲಗಿದ ಹಾಗೆಯೇ ಇರಲಿ. ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಪೋಷಕರಿಗೆ ಅಂದೇ ಫೋನಿನಲ್ಲಿ ತಿಳಿಸಿ, ಏನಾಯಿತು, ಎಷ್ಟು ಹೊತ್ತಿಗೆ, ಯಾರು ನೋಡಿದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲ ಒಂದೆರಡು ದಿನ ವಿಶ್ರಾಂತಿ, ಬಳಿಕ ಲಘು ನಡಿಗೆ, ಆಮೇಲೆ ಒಬ್ಬರೇ ಮಾಡುವ ಅಭ್ಯಾಸ. ವೈದ್ಯರ ಒಪ್ಪಿಗೆ ಸಿಕ್ಕ ಮೇಲಷ್ಟೇ ಸ್ಪಾರಿಂಗ್. ಹೆಡ್‌ಗಾರ್ಡ್ ಹಾಕಿದ್ದೇನಲ್ಲ ಎಂಬ ಸಮಾಧಾನ ಬೇಡ. ಅದು ಚರ್ಮ ಹರಿಯುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನಲ್ಲ; ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ 2013ರಲ್ಲಿ ಎಲೈಟ್ ಪುರುಷರ ಸ್ಪರ್ಧೆಗಳಿಂದ ಹೆಡ್‌ಗಾರ್ಡನ್ನೇ ತೆಗೆದುಹಾಕಿತ್ತು. ಸ್ಪರ್ಧೆಗೆ ತೂಕ ಇಳಿಸಲು ಮಕ್ಕಳಿಗೆ ನೀರು ಬಿಡಿಸುವುದು ಯಾವ ಕಾರಣಕ್ಕೂ ಕೂಡದು.

ಬೆಲ್ಟ್ ಮತ್ತು ಹಣ

ತರಬೇತುದಾರರ ಮೇಲಿನ ಗೊಣಗಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲ್ಟ್ ಟೆಸ್ಟ್‌ನ ಹಣದ್ದೇ ಇರುತ್ತದೆ ಎಂಬುದು ನನ್ನ ಅಂದಾಜು, ಅದರಲ್ಲಿ ತಪ್ಪು ಪೋಷಕರದ್ದಲ್ಲ. ತಿಂಗಳ ಫೀಸು ಇಷ್ಟೆಂದು ಹೇಳಿ ಸೇರಿಸಿಕೊಂಡು, ಮೂರು ತಿಂಗಳಿಗೊಮ್ಮೆ ಟೆಸ್ಟ್ ಫೀಸು, ಬೆಲ್ಟ್‌ನ ದುಡ್ಡು, ಸರ್ಟಿಫಿಕೇಟ್‌ನ ದುಡ್ಡು ಎಂದು ಒಂದೊಂದಾಗಿ ಹೊರತೆಗೆಯುವುದು ಸರಿಯಲ್ಲ. ಬಿಳಿ ಬೆಲ್ಟ್‌ನಿಂದ ಕಪ್ಪು ಬೆಲ್ಟ್‌ವರೆಗೆ ತಗಲುವ ಎಲ್ಲ ಶುಲ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು ಸೇರ್ಪಡೆಯ ದಿನವೇ ಕೊಡಿ. ಟೆಸ್ಟ್‌ಗೆ ₹1,200 ಪಡೆಯುತ್ತೀರಿ ಎಂದಿಟ್ಟುಕೊಳ್ಳಿ. ಅದರಲ್ಲಿ ಪರೀಕ್ಷಕರಿಗೆ ಎಷ್ಟು, ಬೆಲ್ಟ್‌ಗೆ ಎಷ್ಟು, ರಾಜ್ಯ ಸಂಸ್ಥೆಗೆ ಕಟ್ಟುವುದು ಎಷ್ಟು, ತರಗತಿಗೆ ಉಳಿಯುವುದು ಎಷ್ಟು ಎಂಬುದು ರಸೀದಿಯಲ್ಲಿ ಸಾಲುಸಾಲಾಗಿ ಕಾಣಬೇಕು. ಲಾಭ ಉಳಿಯುವುದು ತಪ್ಪಲ್ಲ, ಬಾಡಿಗೆ ಕಟ್ಟಬೇಕು, ಮ್ಯಾಟ್ ಕೊಳ್ಳಬೇಕು, ಬಚ್ಚಿಡುವುದು ತಪ್ಪು.

ಟೆಸ್ಟ್‌ಗೆ ಕೂತವರೆಲ್ಲ ಪಾಸಾಗುವ ತರಗತಿಯಲ್ಲಿ ಟೆಸ್ಟ್ ನಡೆಯುತ್ತಿಲ್ಲ, ಮಾರಾಟ ನಡೆಯುತ್ತಿದೆ. ಸಿದ್ಧವಾಗದ ಮಗುವಿನ ಪೋಷಕರಿಗೆ ಫೀಸು ತೆಗೆದುಕೊಳ್ಳುವ ಮೊದಲೇ ‘ಈ ಸಲ ಬೇಡ, ಇನ್ನೂ ಒಂದು ತಿಂಗಳು ಹೋಗಲಿ’ ಎಂದು ಹೇಳುವುದು ಕಷ್ಟವಾದರೂ ಅದೇ ಸರಿ. ಅಂಕಪಟ್ಟಿಯಲ್ಲಿ ಮೂಲ ತಂತ್ರ, ಕಾಟಾ ಅಥವಾ ಟೇಕ್ವಾಂಡೊದಲ್ಲಿ ಅದಕ್ಕೆ ಸಮನಾದ ಪೂಮ್ಸೆ, ಸ್ಪಾರಿಂಗ್ ಎಂದು ಬೇರೆ ಬೇರೆಯಾಗಿ ಅಂಕ ನೀಡಿ, ಸೋತ ಮಗುವಿಗೆ ಯಾವುದು ಸಾಲದಾಯಿತು ಎಂದು ಒಂದು ಸಾಲು ಬರೆದುಕೊಡಿ. ಮೇಲಿನ ದರ್ಜೆಗಳಿಗೆ ಹೊರಗಿನ ಪರೀಕ್ಷಕರನ್ನು ಕರೆಸಿ. ಎಂಟು ವರ್ಷದ ಮಗುವಿಗೆ ವಯಸ್ಕರ ಕಪ್ಪು ಬೆಲ್ಟ್ ಕಟ್ಟಿ ಪತ್ರಿಕೆಗೆ ಫೋಟೊ ಕೊಡುವ ಉಮೇದಿಗೆ ಕಡಿವಾಣವಿರಲಿ. ಕುಕ್ಕಿವಾನ್ ಕೂಡ 15 ವರ್ಷದೊಳಗಿನವರಿಗೆ ಡಾನ್ ಬದಲು ‘ಪೂಮ್’ ಎಂಬ ಪ್ರತ್ಯೇಕ ದರ್ಜೆಯನ್ನೇ ನೀಡುತ್ತದೆ.

ಸಣ್ಣವೆಂದು ಕಾಣುವ ಕೆಲವು

ಮಕ್ಕಳಿಗೆ ನೇರವಾಗಿ ಮೆಸೇಜ್ ಕಳಿಸಬೇಡಿ. ಪೋಷಕರಿರುವ ವಾಟ್ಸ್ಆ್ಯಪ್ ಗುಂಪಿನಲ್ಲೇ ಸೂಚನೆ ಹೋಗಲಿ. ಫೋಟೊ, ವಿಡಿಯೊ ಹಾಕಲು ಪೋಷಕರ ಲಿಖಿತ ಒಪ್ಪಿಗೆ ಬೇಕು, ಮಗುವಿನ ಶಾಲೆ ಮತ್ತು ಬಡಾವಣೆಯ ಹೆಸರು ಜೊತೆಗಿರಬಾರದು. ಪ್ರೋಟೀನ್ ಪುಡಿ ಮಾರುವ ಉಪವ್ಯಾಪಾರ ಬೇಡ. ಸ್ಪರ್ಧಿಗಳಿಗೆ ಔಷಧದ ವಿಷಯ ಬಂದಾಗ ನಿಷೇಧಿತ ವಸ್ತುಗಳ ಆ ವರ್ಷದ ಪಟ್ಟಿಯನ್ನು ವೈದ್ಯರಿಗೆ ತೋರಿಸಲು ಹೇಳಿ. ಬೇರೆ ಶೈಲಿಯವರನ್ನು, ಪಕ್ಕದ ಬೀದಿಯ ಮಾಸ್ಟರನ್ನು ಮಕ್ಕಳ ಮುಂದೆ ಆಡಿಕೊಳ್ಳಬೇಡಿ.

ಆತ್ಮರಕ್ಷಣೆಯನ್ನು ಕಲಿಸುವಾಗ ಕಾನೂನನ್ನೂ ಕಲಿಸಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಸ್ವರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇಲ್ಲ ಎಂದು 37ನೇ ಸೆಕ್ಷನ್ ತಿಳಿಸುತ್ತದೆ. ಎದುರಾಳಿ ಬಿದ್ದ ಮೇಲೂ ಒದೆಯುವುದನ್ನು ತರಗತಿಯಲ್ಲಿ ರೂಢಿ ಮಾಡಿಸಿದವರು ವಿದ್ಯಾರ್ಥಿಯನ್ನು ಠಾಣೆಯ ದಾರಿಗೆ ಹಚ್ಚಿದಂತೆ. ಹತ್ತು ದಿನದ ಶಿಬಿರದಲ್ಲಿ ಐದು ಪಟ್ಟು ಕಲಿಸಿ ‘ಇನ್ನು ನಿಮಗೆ ಯಾರ ಭಯವೂ ಇಲ್ಲ’ ಎಂದು ಕಾಲೇಜು ಹುಡುಗಿಯರಿಗೆ ಹೇಳುವುದು ಅಪಾಯಕರ ಸುಳ್ಳು. ಕೂಗುವುದು, ಓಡುವುದು, 112ಕ್ಕೆ ಕರೆ ಮಾಡುವುದು ಮೊದಲ ಪಾಠಗಳಾಗಲಿ.

ದೂರು ಬಂದಾಗ, ವಿದ್ಯಾರ್ಥಿ ಹೊರಟಾಗ

ದೂರು ಕೇಳಲು ತರಗತಿಗೆ ಹೊರಗಿನ ಇಬ್ಬರು ಮೂವರ ಹೆಸರು ಮತ್ತು ಫೋನ್ ಸಂಖ್ಯೆ ಗೋಡೆಯ ಮೇಲಿರಬೇಕು. ಅವರಲ್ಲಿ ಒಬ್ಬರು ಮಹಿಳೆ, ಯಾರೂ ತರಬೇತುದಾರರ ನಂಟರಲ್ಲ. ದೂರು ತಮ್ಮ ಮೇಲೆಯೇ ಬಂದರೆ ತೀರ್ಮಾನವಾಗುವವರೆಗೆ ಕಲಿಸುವುದನ್ನು ಬಿಟ್ಟು ಬೇರೊಬ್ಬರಿಗೆ ವಹಿಸಿ, ದೂರಿದವರ ಮನೆಗೆ ಹೋಗಿ ಮಾತಾಡುವ ಪ್ರಯತ್ನ ಮಾಡಬೇಡಿ. ಮಗುವಿನ ಮೇಲಿನ ದೌರ್ಜನ್ಯದ ದೂರನ್ನು ಮಾತ್ರ ಈ ಸಮಿತಿಯೂ ವಿಚಾರಿಸಕೂಡದು. ಊರ ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿ ಮುಗಿಸುವ ಪದ್ಧತಿ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಇಂಥ ದೂರಿನಲ್ಲಿ ಅದಕ್ಕೆ ಜಾಗವಿಲ್ಲ, ಅದು ನೇರವಾಗಿ ಪೊಲೀಸರಿಗೆ ಹೋಗಬೇಕು.

ವಿದ್ಯಾರ್ಥಿಯೊಬ್ಬ ಬೇರೆ ತರಗತಿಗೆ ಹೋಗಲು ಬಯಸಿದರೆ ಅವನನ್ನು ದ್ರೋಹಿಯಂತೆ ಕಾಣುವುದು, ದರ್ಜೆಯ ದಾಖಲೆಯನ್ನು ತಡೆಹಿಡಿಯುವುದು ಈ ವೃತ್ತಿಯಲ್ಲಿ ಹಳೆಯ ರೋಗ. ಸರ್ಟಿಫಿಕೇಟ್ ಮಗುವಿನದು, ತರಗತಿಯದ್ದಲ್ಲ. ಹೊರಡುವವರಿಗೆ ವಾರದೊಳಗೆ ಒಂದು ಪತ್ರ ಕೊಡಿ: ಸೇರಿದ ಮತ್ತು ಬಿಟ್ಟ ದಿನಾಂಕ, ಈಗಿನ ದರ್ಜೆ ಮತ್ತು ಅದರ ಸಂಖ್ಯೆ, ಕೊನೆಯ ಟೆಸ್ಟ್‌ನ ಅಂಕ, ಬಾಕಿ ಫೀಸು ಇದ್ದರೆ ಅದರ ಮೊತ್ತ. ಬಾಕಿ ಇದ್ದರೂ ಪತ್ರವನ್ನು ತಡೆಯಬೇಡಿ, ಬಾಕಿಯನ್ನು ಬೇರೆಯಾಗಿ ಕೇಳಿ. ತಲೆಗೆ ಪೆಟ್ಟಾದ ದಾಖಲೆಯೇನಾದರೂ ಇದ್ದರೆ ಅದರ ಪ್ರತಿಯನ್ನು ಪೋಷಕರ ಕೈಗೇ ಕೊಟ್ಟು, ಹೊಸ ತರಬೇತುದಾರರಿಗೆ ತೋರಿಸಲು ಹೇಳಿ.